ಪರದೆಗೆ ಯಾವುದು, ಕೈಗೆ ಯಾವುದು: ಚಿಕ್ಕ ಮಕ್ಕಳಿಗೆ ಮಿಶ್ರ ಕಲಿಕೆಯಲ್ಲಿ ಇತಿಹಾಸ ಪಾಠ

ಮೊಹೆಂಜೊದಾರೊದ ಕಂಚಿನ ನರ್ತಕಿಯ ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ. 'ಈ ಮೂರ್ತಿ ಎಷ್ಟು ಎತ್ತರ ಇರಬಹುದು?' ಅಂತ ನಾಲ್ಕನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಒಬ್ಬರು 'ಬಾಗಿಲಷ್ಟು' ಅನ್ನುತ್ತಾರೆ. ಇನ್ನೊಬ್ಬರು 'ಟೀಚರ್ ಅಷ್ಟು' ಅನ್ನುತ್ತಾರೆ. ಅದರ ನಿಜವಾದ ಎತ್ತರ ಸುಮಾರು 10.5 ಸೆಂಟಿಮೀಟರ್. ಈಗ ಪ್ರತಿ ಮಗುವಿಗೂ ಸ್ಕೇಲು ಹಿಡಿದು ಅಷ್ಟೇ ಉದ್ದದ ಕಾಗದ ಕತ್ತರಿಸಲು ಹೇಳಿ. ಕಾಗದವನ್ನು ಅಂಗೈ ಮೇಲೆ ಇಟ್ಟುಕೊಂಡು ಮತ್ತೆ ಪರದೆ ನೋಡುವಾಗ ಅವರ ಮುಖದಲ್ಲಿ ಬೆರಗು ಕಾಣುತ್ತದೆ.

ಎಲ್ಲೋ ದೂರದ ಮ್ಯೂಸಿಯಂನಲ್ಲಿರುವ ಮೂರ್ತಿಯನ್ನು ಪರದೆ ಕ್ಲಾಸಿಗೆ ತಂದಿತು. ಆದರೆ ಅದರ ಗಾತ್ರ ತಿಳಿದದ್ದು ಸ್ಕೇಲು, ಕತ್ತರಿ, ಕಾಗದದಿಂದ. ಮಿಶ್ರ ಕಲಿಕೆ, ಅಂದರೆ ಬ್ಲೆಂಡೆಡ್ ಲರ್ನಿಂಗ್‌ನಲ್ಲಿ ಇತಿಹಾಸ ಕಲಿಸುವಾಗ ಈ ಹಂಚಿಕೆಯೇ ಎಲ್ಲಕ್ಕಿಂತ ಮುಖ್ಯ. ಯಾವ ಕೆಲಸ ಪರದೆಗೆ, ಯಾವುದು ಕೈಗೆ, ಯಾವುದು ಮಾತಿಗೆ? ಇದನ್ನು ಸರಿಯಾಗಿ ಹಂಚಿದರೆ ಅರ್ಧ ಗೆದ್ದ ಹಾಗೆ.

ಕ್ಲಾಸಿನಲ್ಲಿ ಪ್ರೊಜೆಕ್ಟರ್ ಹಾಕಿ ಎಲ್ಲರಿಗೂ ಒಂದು ವಿಡಿಯೊ ತೋರಿಸಿದರೆ ಅದು ಮಿಶ್ರ ಕಲಿಕೆ ಆಗುವುದಿಲ್ಲ. ಮಗು ಸ್ವಲ್ಪ ಭಾಗವನ್ನು ಟ್ಯಾಬ್, ಫೋನು ಅಥವಾ ಕಂಪ್ಯೂಟರಿನಲ್ಲಿ ತನ್ನದೇ ವೇಗದಲ್ಲಿ ಕಲಿಯಬೇಕು. ಬೇಕಾದಲ್ಲಿ ನಿಲ್ಲಿಸಬೇಕು, ಹಿಂದಕ್ಕೆ ಹೋಗಬೇಕು. ಉಳಿದದ್ದನ್ನು ಶಿಕ್ಷಕರ ಮತ್ತು ಗೆಳೆಯರ ಜೊತೆ ಕೂತು ಕಲಿಯಬೇಕು. ಈ ಎರಡೂ ಒಂದಕ್ಕೊಂದು ಹೆಣೆದುಕೊಂಡಿರಬೇಕು. ಪರದೆಯಲ್ಲಿ ನೋಡಿದ್ದು ಕ್ಲಾಸಿನ ಮಾತಿಗೆ ಬೇಕೇ ಬೇಕು ಅನ್ನುವ ಹಾಗಿರಬೇಕು.

ಮೂರರಿಂದ ಐದನೇ ತರಗತಿಯವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮೊಹೆಂಜೊದಾರೊ ಪಾಠವನ್ನೇ ಉದಾಹರಣೆಯಾಗಿ ಹಿಡಿದು ಇದನ್ನು ಬರೆಯುತ್ತಿದ್ದೇನೆ. ವಾರಕ್ಕೆ ಮೂರು ಪೀರಿಯಡ್ ಅಂದರೆ ಎರಡು ವಾರ ಸಾಕು.

1. ಅಧ್ಯಾಯ ಬಿಡಿ, ಪ್ರಶ್ನೆ ಹಿಡಿಯಿರಿ

'ಸಿಂಧೂ ನಾಗರಿಕತೆ' ಅನ್ನುವುದು ಅಧ್ಯಾಯದ ಹೆಸರು. ಅದರಿಂದ ಮಗುವಿಗೆ ಕುತೂಹಲ ಹುಟ್ಟುವುದಿಲ್ಲ. ಬದಲಿಗೆ ಹೀಗೆ ಕೇಳಿ: 'ಆ ಊರಿನ ಜನ ಬರೆದದ್ದನ್ನು ಓದಲು ಇವತ್ತಿಗೂ ಯಾರಿಗೂ ಬರುವುದಿಲ್ಲ. ಆದರೂ ಅವರ ಬಗ್ಗೆ ನಮಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು?'

ಈ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಎರಡು ವಾರ ಗೋಡೆಯ ಮೇಲೆ ಇರಲಿ. ವಿಡಿಯೊ, ವರ್ಕ್‌ಶೀಟ್, ಆಟ ಏನೇ ತಯಾರಿಸಿದರೂ 'ಇದು ಆ ಪ್ರಶ್ನೆಗೆ ಸಹಾಯ ಮಾಡುತ್ತದಾ?' ಅಂತ ನೋಡಿಕೊಳ್ಳಿ. ಇಲ್ಲ ಅನ್ನಿಸಿದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಅಂತರ್ಜಾಲದಲ್ಲಿ ಚೆಂದದ ಸಾಮಗ್ರಿ ರಾಶಿ ರಾಶಿ ಸಿಗುತ್ತದೆ. ಪ್ರಶ್ನೆ ಕೈಯಲ್ಲಿ ಇಲ್ಲದಿದ್ದರೆ ಅದರಲ್ಲೇ ಕಳೆದುಹೋಗುತ್ತೇವೆ.

2. ಒಂದು ಹಾಳೆ, ಮೂರು ಕಾಲಂ

ಪಾಠ ಯೋಜನೆಗೆ ಮುಂಚೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಪರದೆಗೆ, ಕೈಗೆ, ಮಾತಿಗೆ.

ದೂರದಲ್ಲಿ ಇರುವುದು ಮತ್ತು ಮತ್ತೆ ಮತ್ತೆ ನೋಡಬೇಕಾದದ್ದು ಪರದೆಗೆ. ಮೊಹೆಂಜೊದಾರೊದ ಬೀದಿಗಳು, ಚರಂಡಿಗಳು, ಪ್ರಾಣಿಗಳನ್ನೂ ಲಿಪಿಯ ಗುರುತುಗಳನ್ನೂ ಕೊರೆದ ಪುಟ್ಟ ಮುದ್ರೆಗಳ ಹತ್ತಿರದ ಚಿತ್ರಗಳು, ಆ ಜಾಗದ ಉಪಗ್ರಹ ನಕ್ಷೆ. ಕೆಲವು ಮ್ಯೂಸಿಯಂಗಳು ತಮ್ಮ ವಸ್ತುಗಳ ಮೂರು ಆಯಾಮದ ಮಾದರಿಗಳನ್ನೂ ಅಂತರ್ಜಾಲದಲ್ಲಿ ಇಟ್ಟಿವೆ. ಮಕ್ಕಳು ಬೆರಳಿನಿಂದ ತಿರುಗಿಸಿ ಹಿಂದಿನ ಭಾಗವನ್ನೂ ನೋಡಬಹುದು.

ಅಳತೆ, ತೂಕ, ಕಾಲ ಇವೆಲ್ಲ ಕೈಗೆ. ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಅಂಗಳದಲ್ಲಿ ಹಗ್ಗ ಹಾಕಿ ಉದ್ದ ಅಗಲ ಗುರುತು ಮಾಡಿಸಿ. ಆಳವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ತೋರಿಸಿ. ಅಲ್ಲಿನ ಇಟ್ಟಿಗೆಗಳಲ್ಲಿ ದಪ್ಪ, ಅಗಲ, ಉದ್ದಗಳ ಲೆಕ್ಕ ಸಾಮಾನ್ಯವಾಗಿ 1:2:4. ಜೇಡಿಮಣ್ಣಿನಲ್ಲಿ 2, 4, 8 ಸೆಂಟಿಮೀಟರಿನ ಪುಟ್ಟ ಇಟ್ಟಿಗೆ ಮಾಡಿಸಿ. ಎರಡು ಇಟ್ಟಿಗೆಗಳನ್ನು ಪಕ್ಕ ಪಕ್ಕ ಇಟ್ಟರೆ ಇನ್ನೊಂದು ಇಟ್ಟಿಗೆಯ ಉದ್ದಕ್ಕೆ ಸರಿಯಾಗಿ ಕೂರುತ್ತವೆ. 'ಎಲ್ಲರೂ ಒಂದೇ ಅಳತೆ ಯಾಕೆ ಇಟ್ಟುಕೊಂಡಿದ್ದರು?' ಅನ್ನುವ ಪ್ರಶ್ನೆ ಆಗ ಮಕ್ಕಳ ಬಾಯಿಂದಲೇ ಬರುತ್ತದೆ.

ಕಾಲರೇಖೆಯನ್ನಂತೂ ದಯವಿಟ್ಟು ಪರದೆಯಲ್ಲಿ ಮಾಡಬೇಡಿ. ಐದು ಮೀಟರ್ ದಾರ ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ಅಂದರೆ ಹತ್ತು ವರ್ಷ. ದಾರದ ತುದಿ ಇವತ್ತು. ಒಂಬತ್ತು ವರ್ಷದ ಮಗುವಿನ ಇಡೀ ಬದುಕು ಒಂದು ಸೆಂಟಿಮೀಟರಿಗೂ ಕಡಿಮೆ. ಮೊಹೆಂಜೊದಾರೊದಲ್ಲಿ ಉತ್ಖನನ ಶುರುವಾದ 1922 ಸುಮಾರು ಹತ್ತು ಸೆಂಟಿಮೀಟರ್ ದೂರ. ಊರು ತುಂಬಿ ತುಳುಕುತ್ತಿದ್ದ ಕ್ರಿ.ಪೂ. 2500 ಸಿಗಬೇಕಾದರೆ ಸುಮಾರು ನಾಲ್ಕೂವರೆ ಮೀಟರ್ ನಡೆದುಕೊಂಡು ಹೋಗಬೇಕು. ಫೋನಿನ ಪರದೆಯಲ್ಲಿ ಈ ದೂರ ಬೆರಳಿನ ಒಂದು ಜಾರಿನಲ್ಲಿ ಮುಗಿದುಹೋಗುತ್ತದೆ. ನಡೆದರೆ ಮಾತ್ರ 'ಅಬ್ಬಾ, ಇಷ್ಟು ಹಿಂದೆನಾ!' ಅನ್ನಿಸುತ್ತದೆ.

ಮೂರನೇ ಕಾಲಂ ಮಾತಿಗೆ. ಊಹೆ, ವಾದ, ಒಪ್ಪುವುದು, ಒಪ್ಪದಿರುವುದು. ಕ್ಲಾಸಿನ ಅಮೂಲ್ಯ ಸಮಯ ಇದಕ್ಕೇ ಸಿಗಬೇಕು.

3. ಇರುವ ಸಾಧನಗಳನ್ನು ಎಣಿಸಿ

ಪ್ರತಿ ಮಗುವಿಗೂ ಟ್ಯಾಬ್ ಬೇಕಿಲ್ಲ. ಮೂವತ್ತು ಮಕ್ಕಳಿಗೆ ಐದು ಸಾಧನ ಇದ್ದರೆ ಇಬ್ಬಿಬ್ಬರು ಹಂಚಿಕೊಂಡು ಸರದಿಯಲ್ಲಿ ಕೆಲಸ ಮಾಡಬಹುದು. ಒಂದೇ ಲ್ಯಾಪ್‌ಟಾಪ್ ಇದ್ದರೂ ಒಂದು ಮೂಲೆಯಲ್ಲಿ ಇಡಿ. ಒಂದು ಗುಂಪು ಅಲ್ಲಿ ಕೂರಲಿ.

ಇಂಟರ್ನೆಟ್ ಕೈಕೊಡುವ ಕಡೆ ಎಲ್ಲವನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶದಿಂದ ವಿಕಿಪೀಡಿಯವನ್ನೇ ಇಂಟರ್ನೆಟ್ ಇಲ್ಲದೆ ಓದಬಹುದು. ಇಷ್ಟಾದರೂ ಪ್ರತಿ ಪರದೆಯ ಪಾಠಕ್ಕೂ ಒಂದು ಮುದ್ರಿತ ಪ್ರತಿ ಬ್ಯಾಗಿನಲ್ಲಿ ಇರಲಿ. ಕರೆಂಟು ಹೋದ ದಿನ ಅದೇ ನಿಮ್ಮನ್ನು ಕಾಪಾಡುತ್ತದೆ.

ಮನೆಯಲ್ಲಿ ಫೋನು ಸಿಗದ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅವರನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸಿ ಲೆಕ್ಕ ಹಾಕಬೇಡಿ. ಮನೆಗೆ ಒಂದು ಚೀಟಿ ಕಳಿಸಿ ಕೇಳಿ. ಸಂಜೆ ಎಷ್ಟು ಹೊತ್ತು ಫೋನು ಮಗುವಿನ ಕೈಗೆ ಸಿಗುತ್ತದೆ ಅಂತಲೂ ಕೇಳಿ. ಸಿಗದ ಮಕ್ಕಳಿಗೆ ಶಾಲೆಯಲ್ಲೇ, ಬೆಳಿಗ್ಗೆ ಬೆಲ್ಲಿಗೆ ಮುಂಚೆ ಹತ್ತು ನಿಮಿಷ ಕೊಟ್ಟರೆ ಸಾಕು.

4. ವಿಡಿಯೊ ನೀವೇ ಮಾಡಿ, ಚಿಕ್ಕದಾಗಿ ಮಾಡಿ

ಕ್ಲಾಸಿಗೆ ಮುಂಚೆಯೇ ಮಗು ಪಾಠ ನೋಡಿಕೊಂಡು ಬರುವ ಪದ್ಧತಿಗೆ ಫ್ಲಿಪ್ಡ್ ಕ್ಲಾಸ್‌ರೂಮ್ ಅನ್ನುತ್ತಾರೆ. 2007ರ ಹೊತ್ತಿಗೆ ಅಮೆರಿಕದ ಕೊಲರಾಡೊದಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆ್ಯರನ್ ಸ್ಯಾಮ್ಸ್ ಅನ್ನುವ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು ಕ್ಲಾಸ್ ತಪ್ಪಿಸಿಕೊಂಡ ವಿದ್ಯಾರ್ಥಿಗಳಿಗಾಗಿ ಪಾಠ ರೆಕಾರ್ಡ್ ಮಾಡತೊಡಗಿದರು. ಅಲ್ಲಿಂದ ಈ ಪದ್ಧತಿ ಬಹಳ ಹೆಸರು ಮಾಡಿತು. ಆದರೆ ಅವರ ವಿದ್ಯಾರ್ಥಿಗಳು ಹೈಸ್ಕೂಲಿನವರು. ಎಂಟು ವರ್ಷದ ಮಗು ಇಡೀ ಪಾಠವನ್ನು ಒಬ್ಬಂಟಿಯಾಗಿ ಕೂತು ನೋಡುವುದಿಲ್ಲ.

ನಾನು ಮೊದಲ ಸಲ ಇಪ್ಪತ್ತು ನಿಮಿಷದ ವಿಡಿಯೊ ಕಳಿಸಿದ್ದೆ. ಮರುದಿನ ಕೇಳಿದರೆ ಮಕ್ಕಳಿಗೆ ಮೊದಲ ಎರಡು ನಿಮಿಷ ಮಾತ್ರ ನೆನಪಿತ್ತು. ಈಗ ಮೂರು ನಿಮಿಷ, ಹೆಚ್ಚೆಂದರೆ ಐದು. ಒಂದು ವಿಡಿಯೊಗೆ ಒಂದೇ ವಿಷಯ. ಹೇಳುವುದು ಜಾಸ್ತಿ ಇದ್ದರೆ ಎರಡು ವಿಡಿಯೊ ಮಾಡುತ್ತೇನೆ.

ದುಬಾರಿ ಕ್ಯಾಮೆರಾ ಏನೂ ಬೇಡ. ಮೇಜಿನ ಎರಡು ಕಡೆ ಪುಸ್ತಕಗಳನ್ನು ಒಂದೇ ಎತ್ತರಕ್ಕೆ ಜೋಡಿಸಿ. ಮೇಲೆ ಒಂದು ಹಲಗೆ ಇಟ್ಟು, ಫೋನಿನ ಕ್ಯಾಮೆರಾ ಹಲಗೆಯ ಅಂಚಿನಿಂದ ಕೆಳಗೆ ನೋಡುವ ಹಾಗೆ ಇಡಿ. ಕೆಳಗೆ ಚಿತ್ರಗಳನ್ನು ಒಂದೊಂದಾಗಿ ಇಡುತ್ತಾ, ಬೆರಳಿನಿಂದ ತೋರಿಸುತ್ತಾ ಮಾತಾಡಿ. ಮುಖ ಕಾಣುವುದು ಬೇಕಾಗಿಯೇ ಇಲ್ಲ. ಧ್ವನಿ ಮಾತ್ರ ನಿಮ್ಮದೇ ಇರಲಿ. ತಮ್ಮ ಟೀಚರ ಧ್ವನಿ ಕೇಳಿದರೆ ಮಕ್ಕಳು ಕಿವಿ ಕೊಡುತ್ತಾರೆ.

ಮೊದಲು ಮಾತನ್ನು ಬರೆದುಕೊಳ್ಳಿ. ಬರೆದದ್ದನ್ನು ಜೋರಾಗಿ ಓದಿ ನೋಡಿ. ಉಸಿರು ಕಟ್ಟುವ ವಾಕ್ಯ ಸಿಕ್ಕರೆ ಅದನ್ನು ಎರಡು ಮಾಡಿ. ನಡುವೆ ಒಂದು ಕಡೆ ನಿಲ್ಲಿಸಿ, 'ಇಲ್ಲಿ ವಿಡಿಯೊ ನಿಲ್ಲಿಸು. ಈ ಮುದ್ರೆಯಲ್ಲಿ ಎಷ್ಟು ಪ್ರಾಣಿ ಕಾಣುತ್ತಿವೆ ಅಂತ ಎಣಿಸು' ಎಂದು ಹೇಳಿ. ಕೊನೆಯಲ್ಲಿ ಉತ್ತರ ಕೊಡಬೇಡಿ, ಒಂದು ಪ್ರಶ್ನೆ ಬಿಡಿ. ಅದರ ಉತ್ತರ ಬೇಕಾದರೆ ಮಗು ಕ್ಲಾಸಿಗೆ ಬರಬೇಕು. ಪರದೆಗೂ ಕ್ಲಾಸಿಗೂ ಗಂಟು ಬೀಳುವುದು ಇಲ್ಲೇ.

ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್ ಅನ್ನುವ ಜಾಲತಾಣ ಒಳ್ಳೆಯ ಜಾಗ. ಪ್ರತಿ ಚಿತ್ರದ ಕೆಳಗೆ ಅದನ್ನು ಹೇಗೆ ಬಳಸಬಹುದು, ಯಾರ ಹೆಸರು ಹಾಕಬೇಕು ಅಂತ ಬರೆದಿರುತ್ತದೆ. ಆ ಹೆಸರನ್ನು ನಿಮ್ಮ ವಿಡಿಯೊದಲ್ಲೂ ಹಾಕಿ. 'ಈ ಚಿತ್ರ ತೆಗೆದವರು ಯಾರು?' ಅಂತ ಕೇಳುವ ಅಭ್ಯಾಸ ಮಕ್ಕಳಿಗೆ ಹೀಗೇ ಬರುತ್ತದೆ. ಇತಿಹಾಸಕ್ಕೆ ಅದು ಬೇಕೇ ಬೇಕಾದ ಅಭ್ಯಾಸ ಅಲ್ವಾ?

5. ಮೂರು ಮೂಲೆ, ಮೂರು ಕೆಲಸ

ಚಿಕ್ಕ ಮಕ್ಕಳಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಸ್ಟೇಷನ್ ರೊಟೇಷನ್. ಕ್ಲಾಸನ್ನು ಮೂರು ಗುಂಪು ಮಾಡಿ ಮೂರು ಮೂಲೆಗಳಲ್ಲಿ ಕೂರಿಸುವುದು, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುವುದು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮೊದಲ ಐದು ನಿಮಿಷ ಕೆಲಸ ವಿವರಿಸಲು, ಮೂವತ್ತು ನಿಮಿಷ ಮೂರು ಸುತ್ತಿಗೆ, ಉಳಿದ ಐದು ಎಲ್ಲರೂ ಒಟ್ಟಿಗೆ ಕೂರಲು.

ಮೊದಲ ಮೂಲೆ ಪರದೆಯದು. ಇಬ್ಬಿಬ್ಬರು ಒಂದು ಟ್ಯಾಬಿನಲ್ಲಿ ಮುದ್ರೆಗಳ ಚಿತ್ರಗಳನ್ನು ಹಿಗ್ಗಿಸಿ ನೋಡುತ್ತಾರೆ. ಸುಮ್ನೆ ನೋಡಿ ಅಂದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. 'ಮೂರು ಮುದ್ರೆಗಳಲ್ಲೂ ಬರುವ ಒಂದು ಗುರುತು ಹುಡುಕಿ, ಅದನ್ನು ಬಿಡಿಸಿ' ಅಂತ ಒಂದು ನಿಖರವಾದ ಕೆಲಸ ಕೊಡಿ. ಇದಕ್ಕೆ ತಕ್ಕ ಮುದ್ರೆಗಳನ್ನು ನೀವೇ ಮೊದಲು ಆರಿಸಿಟ್ಟಿರಬೇಕು.

ಎರಡನೆಯದು ಕೈಯ ಮೂಲೆ. ಹೆಚ್ಚಿನ ಮುದ್ರೆಗಳು ಎರಡು ಮೂರು ಸೆಂಟಿಮೀಟರ್ ಅಗಲದ ಚೌಕಗಳು. ಅದೇ ಅಳತೆಯಲ್ಲಿ ಸೋಪಿನ ತುಂಡಿನ ಮೇಲೆ ಮೊನಚು ಕಡ್ಡಿಯಿಂದ ಚಿತ್ರ ಕೊರೆದು, ಮೆತ್ತನೆಯ ಜೇಡಿಮಣ್ಣಿಗೆ ಒತ್ತಬೇಕು. ಒತ್ತಿದಾಗ ಚಿತ್ರ ಎಡಬಲ ತಿರುಗಿ ಬರುತ್ತದೆ. ಮುದ್ರೆ ಕೊರೆಯುವವರು ಎಲ್ಲವನ್ನೂ ತಿರುಗುಮುರುಗಾಗಿ ಯೋಚಿಸಬೇಕಾಗಿತ್ತು ಅಂತ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ.

ಮೂರನೆಯದು ನಿಮ್ಮ ಮೂಲೆ. ನೀವು ಇಲ್ಲಿಂದ ಏಳಬೇಡಿ. ಕ್ಲಾಸಿನಲ್ಲಿ ಬಾಯಿ ಬಿಡದ ಮಗು ಹತ್ತು ಜನರ ಗುಂಪಿನಲ್ಲಿ ಮಾತಾಡುತ್ತದೆ. ಆ ಮಗುವಿನ ಮಾತು ಕೇಳಲು ಸಿಗುವ ಹತ್ತು ನಿಮಿಷಕ್ಕಾಗಿಯೇ ಈ ಇಡೀ ಏರ್ಪಾಡು ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಟ್ಯಾಬ್ ಕೆಟ್ಟರೆ ಯಾರು ನೋಡುವುದು? ಪ್ರತಿ ಗುಂಪಿಗೂ ಒಬ್ಬ ಸಹಾಯಕ ಮಗುವನ್ನು ಮಾಡಿ, ವಾರಕ್ಕೊಮ್ಮೆ ಬದಲಿಸಿ. ಆನ್ ಮಾಡುವುದು, ಧ್ವನಿ ಕಡಿಮೆ ಮಾಡುವುದು, ಹಿಂದಕ್ಕೆ ಹೋಗುವುದು, ಇಷ್ಟನ್ನು ಆ ಮಗುವಿಗೆ ಮೊದಲೇ ಕಲಿಸಿ. ಮೊದಲ ವಾರ ಗಲಾಟೆ ಆಗುತ್ತದೆ. ಅದಕ್ಕೆ ಹೆದರಬೇಡಿ. ಪಾಠ ಶುರು ಮಾಡುವ ಮುಂಚೆ ಒಂದು ದಿನ ಬರೀ ಜಾಗ ಬದಲಿಸುವುದನ್ನೇ ಅಭ್ಯಾಸ ಮಾಡಿಸಿ.

6. 'ಪುರೋಹಿತ ರಾಜ' ಅಂತ ಯಾರು ಹೇಳಿದರು?

ಮೊಹೆಂಜೊದಾರೊದಲ್ಲಿ ಗಡ್ಡದ ಮನುಷ್ಯನ ಒಂದು ಕಲ್ಲಿನ ಮೂರ್ತಿ ಸಿಕ್ಕಿದೆ. ಎತ್ತರ 17.5 ಸೆಂಟಿಮೀಟರ್. ಹೆಗಲ ಮೇಲೆ ಮೂರೆಸಳಿನ ಚಿತ್ತಾರದ ಹೊದಿಕೆ, ಹಣೆಯ ಮೇಲೆ ಪಟ್ಟಿ. ಬಹಳಷ್ಟು ಪುಸ್ತಕಗಳು ಅವನನ್ನು 'ಪುರೋಹಿತ ರಾಜ' ಅನ್ನುತ್ತವೆ. ಆದರೆ ಅವನು ಪುರೋಹಿತ ಆಗಿದ್ದ ಅಂತಲೂ, ರಾಜ ಆಗಿದ್ದ ಅಂತಲೂ ತೋರಿಸುವ ಬರಹ ಯಾವುದೂ ಇಲ್ಲ. ಅದು ನಮ್ಮ ಕಾಲದವರು ಇಟ್ಟ ಹೆಸರು. ನರ್ತಕಿಯ ಕಥೆಯೂ ಅಷ್ಟೇ. ಸೊಂಟದ ಮೇಲೆ ಕೈ ಇಟ್ಟು ನಿಂತ ಹುಡುಗಿ ನರ್ತಿಸುತ್ತಿದ್ದಳು ಅನ್ನುವುದು ಊಹೆ.

ಇದನ್ನು ಕ್ಲಾಸಿನಲ್ಲಿ ಬಳಸುವ ಕ್ರಮ ಹೀಗೆ. ವಿಡಿಯೊದಲ್ಲಿ ಮೂರ್ತಿಯನ್ನು ತೋರಿಸಿ, ಹೆಸರು ಹೇಳಬೇಡಿ. 'ಏನು ಕಾಣುತ್ತದೆ ಅಷ್ಟನ್ನೇ ಬರಿ' ಅನ್ನಿ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ 'ಕಾಣುವುದು', 'ಊಹೆ', 'ಗೊತ್ತಿಲ್ಲ' ಅಂತ ಮೂರು ಭಾಗ ಮಾಡಿ. ಒಂದು ಮಗು 'ರಾಜ' ಅಂದರೆ ತಪ್ಪು ಅನ್ನಬೇಡಿ. 'ಯಾವುದನ್ನು ನೋಡಿ ಹಾಗನ್ನಿಸಿತು?' ಅಂತ ಕೇಳಿ. 'ಹಣೆಯ ಪಟ್ಟಿ ನೋಡಿ' ಅಂದರೆ ಪಟ್ಟಿ 'ಕಾಣುವುದು' ಭಾಗಕ್ಕೆ, ರಾಜ 'ಊಹೆ' ಭಾಗಕ್ಕೆ. ಹತ್ತು ನಿಮಿಷ ಹೀಗೆ ಆದ ಮೇಲೆ ಪುಸ್ತಕಗಳು ಅವನಿಗೆ ಕೊಟ್ಟ ಹೆಸರು ಹೇಳಿ. 'ಇದು ಯಾವ ಭಾಗಕ್ಕೆ ಹೋಗಬೇಕು?' ಅಂತ ಅವರನ್ನೇ ಕೇಳಿ. ಪಠ್ಯಪುಸ್ತಕದ ಮಾತನ್ನು 'ಊಹೆ' ಭಾಗದಲ್ಲಿ ಬರೆಯುವಾಗ ಮಕ್ಕಳಿಗೆ ಮೊದಲು ಅಳುಕು, ಆಮೇಲೆ ಬಹಳ ಖುಷಿ. ಆ ಕ್ಷಣ ನನಗೆ ಬಹಳ ಇಷ್ಟ.

ಬರಹದ ಪ್ರಶ್ನೆಗೆ ಈಜಿಪ್ಟಿನ ರೊಸೆಟ್ಟಾ ಕಲ್ಲನ್ನು ಪಕ್ಕದಲ್ಲಿಡಿ. ಕ್ರಿ.ಪೂ. 196ರ ಆ ಕಲ್ಲಿನಲ್ಲಿ ಒಂದೇ ಆಜ್ಞೆ ಮೂರು ಲಿಪಿಗಳಲ್ಲಿದೆ. ಅದರಲ್ಲಿ ಗ್ರೀಕನ್ನು ಓದಲು ಜನರಿಗೆ ಬರುತ್ತಿತ್ತು. 1799ರಲ್ಲಿ ಕಲ್ಲು ಸಿಕ್ಕಿತು, 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದರು. ಸಿಂಧೂ ಲಿಪಿಗೆ ಅಂಥ ಕಲ್ಲು ಸಿಕ್ಕಿಲ್ಲ. ಸಿಕ್ಕ ಬರಹಗಳೂ ಬಹಳ ಚಿಕ್ಕವು, ಸರಾಸರಿ ಐದು ಗುರುತು ಅಷ್ಟೇ. ಇದನ್ನು ಆಟ ಮಾಡಬಹುದು. ಒಂದು ಗುಂಪಿಗೆ ಗುಪ್ತ ಲಿಪಿಯಲ್ಲಿ ಬರೆದ ಐದು ಗುರುತು ಮಾತ್ರ ಕೊಡಿ. ಇನ್ನೊಂದು ಗುಂಪಿಗೆ ಅದೇ ಲಿಪಿಯ ಉದ್ದ ವಾಕ್ಯ, ಜೊತೆಗೆ ಅದರ ಕನ್ನಡ. ಯಾರು ಬಿಡಿಸುತ್ತಾರೆ, ಯಾರು ಒದ್ದಾಡುತ್ತಾರೆ ಅಂತ ಅವರೇ ನೋಡಲಿ.

7. ಪರದೆಯ ಚಿತ್ರವನ್ನು ಸುಮ್ನೆ ನಂಬಬಾರದು

ಮೊಹೆಂಜೊದಾರೊ ಅಂತ ಹುಡುಕಿದರೆ ಮೂರು ಥರದ ಚಿತ್ರ ಬರುತ್ತವೆ: ನಿಜವಾದ ಫೋಟೊ, ಕಲಾವಿದರು ಊಹಿಸಿ ಬರೆದದ್ದು, ಮತ್ತು ಈಗೀಗ ಕೃತಕ ಬುದ್ಧಿಮತ್ತೆ ತಯಾರಿಸಿದ್ದು. ಮಗುವಿನ ಕಣ್ಣಿಗೆ ಮೂರೂ ಒಂದೇ. ಅದರಲ್ಲೂ ಕೊನೆಯದು ಎಲ್ಲಕ್ಕಿಂತ ಹೊಳಪಾಗಿ, ನಿಜದ ಹಾಗೆ ಕಾಣುತ್ತದೆ.

ಮೂರೂ ಥರದ್ದನ್ನು ಒಂದೊಂದು ಮುದ್ರಿಸಿ ಗುಂಪುಗಳಿಗೆ ಕೊಡಿ. 'ಇದರಲ್ಲಿ ಕ್ಯಾಮೆರಾ ನಿಜವಾಗಿ ನೋಡಿದ್ದು ಯಾವುದು?' ಅಂತ ಕೇಳಿ. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಕ್ಯಾಮೆರಾ ಇರಲಿಲ್ಲ ಅನ್ನುವ ಸರಳ ಮಾತು ಹೊಳೆದ ಮೇಲೆ ಮಕ್ಕಳು ಬಹಳ ಚುರುಕಾಗಿಬಿಡುತ್ತಾರೆ. ಈ ವಯಸ್ಸಿನವರನ್ನು ಹುಡುಕಾಟದ ಪುಟಕ್ಕೆ ನೇರವಾಗಿ ಬಿಡಬೇಡಿ. ನೀವು ನೋಡಿ ಆರಿಸಿದ ನಾಲ್ಕೈದು ಪುಟಗಳನ್ನಷ್ಟೇ ತೆರೆದು ಕೊಡಿ. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಲೂ ಹೋಗಬೇಡಿ. ಬಹಳಷ್ಟು ಸೇವೆಗಳು 13 ವರ್ಷ ತುಂಬದವರಿಗೆ ಖಾತೆ ಕೊಡುವುದಿಲ್ಲ.

8. ಮನೆಯ ಹಿರಿಯರ ಧ್ವನಿ

ಹಳೆಯ ಕಾಲದ ಪಾಠಕ್ಕೂ ಇದು ಕೆಲಸಕ್ಕೆ ಬರುತ್ತದೆ. ಒಂದೇ ಘಟನೆಯ ಬಗ್ಗೆ ಮನೆಯ ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ, ಒಂದೊಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಬರಲು ಹೇಳಿ. ರೆಕಾರ್ಡ್ ಮಾಡಬಹುದಾ ಅಂತ ಅವರನ್ನು ಮೊದಲು ಕೇಳಬೇಕು. ಫೋನಿಲ್ಲದ ಮಗು ಬರೆದುಕೊಂಡು ಬರಲಿ. ಎರಡು ಮಾತುಗಳು ಎಲ್ಲೋ ಒಂದು ಕಡೆ ಹೊಂದುವುದಿಲ್ಲ. ಯಾರೂ ಸುಳ್ಳು ಹೇಳಿಲ್ಲ, ಆದರೂ ಹೇಳಿಕೆ ಬೇರೆ. ಸಾಕ್ಷಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

9. ಕಲಿತದ್ದು ಗೊತ್ತಾಗುವುದು ಹೇಗೆ?

ಆನ್‌ಲೈನ್ ಕ್ವಿಜ್ ಬೇಕಾದರೆ ಇರಲಿ, ಐದು ಪ್ರಶ್ನೆ ಸಾಕು. ಅದರಿಂದ ಮಗು ವಿಡಿಯೊ ನೋಡಿದೆಯಾ ಅಂತ ತಿಳಿಯುತ್ತದೆ, ಅಷ್ಟೇ. ನಿಜವಾದ ಕಲಿಕೆಗೆ ಬೇರೆ ಕೆಲಸ ಕೊಡಿ. ಪ್ರತಿ ಮಗುವೂ ಒಂದು ವಸ್ತು ಆರಿಸಿ ಅದಕ್ಕೆ ಮ್ಯೂಸಿಯಂ ಚೀಟಿ ಬರೆಯಬೇಕು: ಅಳತೆ, ಎಲ್ಲಿ ಸಿಕ್ಕಿತು, ನಮಗೆ ಗೊತ್ತಿರುವುದು ಏನು, ಊಹೆ ಯಾವುದು. ಆಮೇಲೆ ಅದನ್ನೇ ತನ್ನ ಧ್ವನಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಬೇಕು. ಬರೆಯಲು ಕಷ್ಟಪಡುವ ಮಕ್ಕಳು ಇಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂತ ಕೇಳಿ ನೋಡಿ. ಅಂಕ ಕೊಡುವಾಗ ಗೊತ್ತಿರುವುದನ್ನೂ ಊಹೆಯನ್ನೂ ಬೇರೆ ಬೇರೆ ಮಾಡಿದ್ದಾರಾ ಅನ್ನುವುದಕ್ಕೆ ಒಟ್ಟು ಅಂಕದ ಅರ್ಧದಷ್ಟು ಇಡಿ.

ಕೊನೆಯ ಪೀರಿಯಡ್ಡಿನಲ್ಲಿ ಪ್ರತಿ ಮಗುವೂ ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆ ಬರೆದು, ದಾರದ ಕಾಲರೇಖೆಯ ಮೇಲೆ ಅದರ ಕಾಲಕ್ಕೆ ಸರಿಯಾದ ಜಾಗದಲ್ಲಿ ಸಿಕ್ಕಿಸಲಿ. ಮುಂದಿನ ಪಾಠ ಶುರುವಾದಾಗಲೂ ಆ ದಾರವನ್ನು ಬಿಚ್ಚಬೇಡಿ. ಹೊಸ ಪಾಠದ ಚೀಟಿಗಳು ಅದೇ ದಾರಕ್ಕೆ ಬಂದು ಸೇರಿಕೊಳ್ಳಲಿ.